ಅವ್ವ ಹೊಲಿದ ಕೈಯಂಗಿ

ಕುರಿ ಕೊಳ್ಳುವಾಗ ಮೊದಲು ಅದರ ಬಾಯಿ ನೋಡಬೇಡಿ. ಹಲ್ಲು ನೋಡಿ ವಯಸ್ಸು ಹೇಳುವುದು ಯಾರಿಗಾದರೂ ಬರುತ್ತದೆ, ನೀವು ಅದನ್ನೇ ನೋಡುತ್ತೀರಿ ಅಂತ ಮಾರುವವನಿಗೂ ಗೊತ್ತಿರುತ್ತದೆ. ಸೊಂಟದ ಮೇಲೆ ಅಂಗೈ ಊರಿ ಒತ್ತಿ. ಹೊಟ್ಟೆ ದುಂಡಗಿದ್ದೂ ಬೆನ್ನುಮೂಳೆ ಕೈಗೆ ಚುಚ್ಚಿದರೆ, ಅದಕ್ಕೆ ಉಪ್ಪು ನೆಕ್ಕಿಸಿ ನೀರು ಕುಡಿಸಿ ಹೊಡೆದುಕೊಂಡು ಬಂದಿದ್ದಾರೆ ಅಂತಲೇ ತಿಳಿಯಿರಿ. ಸಂತೆಯಲ್ಲಿ ಕಣ್ಣಿಗಿಂತ ಕೈಯನ್ನು ನಂಬಬೇಕು. ಇದನ್ನು ನನ್ನ ಮಕ್ಕಳಿಗೆ ಹೇಳಿದ್ದೇನೆ, ಸೊಸೆಯರಿಗೆ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಕೈಯ ಮೇಲಿನ ನಂಬಿಕೆಯಿಂದಲೇ ಮಧುಗಿರಿಯಲ್ಲಿ ನನ್ನದು ಅಂತ ಒಂದು ಮನೆ ಎದ್ದಿತು.

ಆದರೆ ಅದೇ ಕೈಯ ವಿಷಯಕ್ಕೆ ನಾನು ಪಟ್ಟಷ್ಟು ನಾಚಿಕೆಯನ್ನು ಇನ್ನಾವುದಕ್ಕೂ ಪಟ್ಟಿಲ್ಲ. ರಷ್ಯಾದ ಹೆಂಗಸೊಬ್ಬಳು ಆಕಾಶಕ್ಕೆ ಹೋದ ಸುದ್ದಿ ಎಲ್ಲಿ ಕೇಳಿದರೂ ಇವತ್ತಿಗೂ ನನ್ನ ಬಲಗೈ ತಾನಾಗಿ ಸೆರಗಿನೊಳಕ್ಕೆ ಹೋಗುತ್ತದೆ. ಅವಳಿಗೂ ನನ್ನ ಕೈಗೂ ಏನು ಸಂಬಂಧ ಅನ್ನಬೇಡಿ. ಸಂಬಂಧ ಕಟ್ಟಿದವರು ಶಿರಾ ಸಂತೆಯವರು.

ನಮ್ಮ ಕಡೆ ಕುರಿಯ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಎದುರುಬದುರು ನಿಂತು ಬಲಗೈ ಚಾಚುತ್ತಾರೆ, ಮೇಲೊಂದು ಟವಲ್ ಹಾಸಿಕೊಳ್ಳುತ್ತಾರೆ. ಮಿಕ್ಕ ಮಾತೆಲ್ಲ ಟವಲಿನ ಕೆಳಗೆ. ಎಷ್ಟು ಬೆರಳು ಹಿಡಿದರೆ ತಲೆಗೆ ಅಷ್ಟು ಹತ್ತು ರೂಪಾಯಿ. ಕೊನೆಯ ಬೆರಳಿನ ನಡುಗೆಣ್ಣನ್ನು ಒತ್ತಿದರೆ ಆ ಬೆರಳು ಅರ್ಧಕ್ಕೆ ಇಳಿಯಿತು. ಬೇಡ ಅಂದರೆ ಕೈ ಸಡಿಲಿಸುವುದು, ಸರಿ ಅಂದರೆ ಅಂಗೈಗೆ ಅಂಗೈ ಕೊಟ್ಟು ಅದುಮುವುದು. ಸುತ್ತ ನಿಂತವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಅದಕ್ಕೇ ಒಳ್ಳೆಯ ವ್ಯಾಪಾರಿಗಳು ಆ ಹೊತ್ತಿನಲ್ಲಿ ಮಳೆ ಬೆಳೆ ಮಾತಾಡುತ್ತಾ ಆಕಳಿಸುತ್ತಾರೆ. ಟವಲ್ ಎತ್ತಿದ ಮೇಲೆ ಆಡಿದ್ದು ಆಡಿದ್ದೇ, ಹಿಂದಕ್ಕೆ ತೆಗೆಯುವ ಹಾಗಿಲ್ಲ. ಎಡಗೈ ಚಾಚಿದರೆ ಬೈದ ಹಾಗೆ.

ನನ್ನ ಅಪ್ಪ ಈ ಕಲೆಯಲ್ಲಿ ಪಳಗಿದವನು. ಪಾವಗಡದ ಕಡೆಯ ಹಳ್ಳಿಗಳಲ್ಲಿ ಕುರಿ ಕೊಂಡು ಶಿರಾ ಸಂತೆಯಲ್ಲಿ ಮಾರುವುದು ಅವನ ಕಸುಬು. ಕುರಿಯನ್ನು ಆಳು ಹೊಡೆದುಕೊಂಡು ಹೋಗುತ್ತಿದ್ದ, ಅಪ್ಪ ಬಸ್ಸಿನಲ್ಲಿ ಹೋಗುತ್ತಿದ್ದ. ನಮಗೆ ಹೊಲವಿರಲಿಲ್ಲ, ಗಂಡುಮಕ್ಕಳೂ ಇರಲಿಲ್ಲ. ರಷ್ಯಾದವಳು ಆಕಾಶಕ್ಕೆ ಹೋದ ವರ್ಷ, ಬೇಸಿಗೆಯ ಮೊದಲಿಗೇ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಒಂದಿಷ್ಟು ತೊದಲಿದರೂ ತಿರುಗಿ ಬಂತು, ಕಾಲೂ ಎಳೆದುಕೊಂಡು ಎಳೆದುಕೊಂಡು ದಾರಿಗೆ ಬಂತು. ಬಲಗೈ ಮಾತ್ರ ಬರಲಿಲ್ಲ. ಕುರಿಯನ್ನು ನೋಡಿದರೆ ಇಷ್ಟು ಬೆಲೆ ಅಂತ ಮನಸ್ಸು ಹೇಳುತ್ತದೆ, ಹೇಳಲು ಕೈಯೇ ಇಲ್ಲ.

ಒಂದೆರಡು ಸಂತೆ ದಲ್ಲಾಳಿಯ ಕೈ ಹಿಡಿದು ನೋಡಿದ. ಆ ದಲ್ಲಾಳಿ ಮಧುಗಿರಿಯವನೇ, ನಮ್ಮ ಮನೆಯ ಹಬ್ಬಕ್ಕೆ ಉಂಡವನು. ಟವಲಿನ ಕೆಳಗೆ ಅವನು ಏನು ಆಡಿದನೋ ಅವನಿಗೇ ಗೊತ್ತು, ಹೊರಗೆ ಬಂದು ನಮಗೊಂದು ಬೆಲೆ ಹೇಳಿದ, ಕೊಂಡವನ ಮುಖದಲ್ಲಿ ಇನ್ನೊಂದು ಬೆಲೆ ಇತ್ತು. ಅಪ್ಪನಿಗೆ ಅದು ತಿಳಿಯಿತು, ಆದರೆ ತೋರಿಸಲು ಸಾಧ್ಯವಿರಲಿಲ್ಲ. ನಿಮಗೂ ಹೇಳುತ್ತೇನೆ: ದಲ್ಲಾಳಿಗೆ ದುಡ್ಡು ಕೊಡಿ, ಊಟ ಹಾಕಿ, ಕೈ ಮಾತ್ರ ಕೊಡಬೇಡಿ.

ಒಂದು ದಿನ ಜಗಲಿಯಲ್ಲಿ ಕೂತು ಅಪ್ಪ ನನ್ನನ್ನು ಕರೆದ. "ಇಲ್ ಬಾ ಮಗ. ನಿನ್ ಕೈ ಕೊಡು."

ಎಡಗೈಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ತೋರಿಸಿದ. ಹಿಡಿ, ಬಿಡು, ಗೆಣ್ಣು ಒತ್ತು. ಆಟ ಅಂದುಕೊಂಡೆ. ನನಗೆ ಬೇಗ ಬಂತು. ಸಂಜೆಯ ಹೊತ್ತಿಗೆ ಅವನು ಕೈ ಸಡಿಲಿಸುವ ಮುಂಚೆಯೇ ಸಡಿಲಿಸುತ್ತಾನೆ ಅಂತ ನನಗೆ ತಿಳಿಯುತ್ತಿತ್ತು. ಆಗ ಅವನು ಹೇಳಿದ, "ಸಂತೆಗೆ ನೀನು ಬಾ. ನಾನು ಕಣ್ಣು, ನೀನು ಕೈ. ನಿಮ್ಮವ್ವಂಗೆ ಮಾತ್ರ ಏಳ್ಬ್ಯಾಡ. ಅಪ್ಪಂಗೆ ಬುತ್ತಿ ಬಡಿಸೋಕೆ, ಕೈ ತೊಳ್ಸೋಕೆ ಓಯ್ತಿದೀನಿ ಅನ್ನು."

ಹದಿನೆಂಟು ದಾಟಿದ ಹುಡುಗಿ ನಾನು. ಮಿಡ್ಲ್ ಸ್ಕೂಲು ಮುಗಿಸಿದ್ದೆ, ಸೋದರಮಾವ ಕೊರಟಗೆರೆಯಲ್ಲಿ ಒಂದು ಗಂಡು ನೋಡಿಟ್ಟಿದ್ದ. ಪರಗಂಡಸು ನೀಡಿದ ಚೊಂಬನ್ನೂ ಅವ್ವ ನನ್ನ ಕೈಗೆ ನೇರ ಕೊಡಿಸುತ್ತಿರಲಿಲ್ಲ, ಕೆಳಗಿಡಿಸಿ ಎತ್ತಿಕೊಡುತ್ತಿದ್ದಳು.

ಶಿರಾ ಸಂತೆಯಲ್ಲಿ ಮೊದಲ ದಿನ ಅಪ್ಪ ನನ್ನನ್ನು ಮುಂದಕ್ಕೆ ನಿಲ್ಲಿಸಿ, "ಕೈ ಇವಳ್ದು, ಮಾತು ನಂದು" ಅಂದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ಕೊನೆಗೆ ಶಿರಾದ ಒಬ್ಬ ವಯಸ್ಸಾದ ಸಾಬರು ಮುಂದೆ ಬಂದರು. ಅಪ್ಪನ ಹಳೆಯ ಗಿರಾಕಿ, ಗಡ್ಡ ಪೂರಾ ಬೆಳ್ಳಗೆ. ತಮ್ಮ ಟವಲ್ ಹಾಸಿ, ಬೆರಳು ಬಿಡಿಸಿ ಕೈಯನ್ನು ಅಂಗಾತ ಇಟ್ಟರು. "ನಾನು ಹಿಡಿಯಲ್ಲ ಬೇಟಿ. ನೀನು ನನ್ ಬೆರಳು ಹಿಡಿ. ಬೇಡ ಅಂದ್ರೆ ಹಂಗೇ ಇಟ್ಟಿರ್ತೀನಿ, ಸರಿ ಅಂದ್ರೆ ಬೆರಳು ಮಡಿಸ್ತೀನಿ." ಅವರು ಇಡೀ ವ್ಯಾಪಾರದಲ್ಲಿ ನನ್ನ ಕಡೆ ತಲೆ ಎತ್ತಲಿಲ್ಲ. ಆದರೂ ನನಗೆ ಬೆವರು. ಒಣಗಿದ ಬೆರಳುಗಳು, ಉಗುರಿಗೆ ಮದರಂಗಿ. ಅಪ್ಪನಲ್ಲದ ಗಂಡಸಿನ ಕೈ ಅದೇ ಮೊದಲು.

ಎಲ್ಲರೂ ಸಾಬರ ಹಾಗಿರಲಿಲ್ಲ. ಒಬ್ಬ ಹಿಡಿದ ಬೆರಳನ್ನು ಬಿಡಲು ಹೊತ್ತು ಮಾಡಿದ. ಇನ್ನೊಬ್ಬ ಅಂಗೈಯಲ್ಲಿ ಗೀರಿದ. ಮುಖದಲ್ಲಿ ಏನೂ ತೋರಿಸಬಾರದು ಅನ್ನುವುದು ಈ ವ್ಯಾಪಾರದ ಮೊದಲ ಪಾಠ. ನಾನೂ ಏನೂ ತೋರಿಸಲಿಲ್ಲ. ಗೀರಿದವನಿಗೆ ಬೆಲೆ ಇಳಿಸಲಿಲ್ಲ, ಅಷ್ಟೇ. ಸಂತೆ ಮುಗಿದ ಮೇಲೆ ಬಾವಿಕಟ್ಟೆಯಲ್ಲಿ ಮಣ್ಣು ಹಾಕಿ ಕೈ ಉಜ್ಜುತ್ತಿದ್ದೆ. ಅಪ್ಪ ಬೇರೆ ಕಡೆ ತಿರುಗಿ ಬೀಡಿ ಸೇದುತ್ತಿದ್ದ. ನನ್ನ ನಾಚಿಕೆ ಎರಡು ಬಗೆಯದು. ಕೈಗೆ ಆದದ್ದು ಒಂದು. ಕೈಗೆ ಅಷ್ಟೆಲ್ಲ ಆದರೂ, ಒಳ್ಳೆಯ ಬೆಲೆ ಸಿಕ್ಕಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಅದು ಇನ್ನೊಂದು. ಮುಂದಿನ ಸಂತೆ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದೆ.

ಕಡಲೆಕಾಯಿ ಬಿತ್ತನೆಗೆ ಜನ ಮೋಡ ನೋಡುತ್ತಿದ್ದ ಕಾಲ. ಮಧುಗಿರಿ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅಪ್ಪ ಎಡಗೈಯಲ್ಲಿ ಟೀ ಕುಡಿಯುತ್ತಿದ್ದ, ನಾನು ಬಾಗಿಲ ಬಳಿ ಬುತ್ತಿ ಗಂಟು ಹಿಡಿದು ಶಿರಾ ಬಸ್ಸಿಗೆ ಕಾಯುತ್ತಿದ್ದೆ. ಹೋಟೆಲಿನ ರೇಡಿಯೊ ಏನೋ ಹೇಳಿತು. ಹೋಟೆಲಿನವನು ಸೌಟು ಕೆಳಗಿಟ್ಟ.

"ಕೇಳಿದ್ರಾ? ರಷ್ಯಾದಾಗೆ ಒಬ್ಳು ಹೆಂಗಸನ್ನ ಡಬ್ಬಿಯಾಗೆ ಕೂರ್ಸಿ ಮ್ಯಾಕ್ಕೆ ಕಳಿಸವ್ರಂತೆ. ಭೂಮಿ ಸುತ್ತ ಸುತ್ತತಾವ್ಳಂತೆ."

ದಲ್ಲಾಳಿಯೂ ಅಲ್ಲೇ ಇದ್ದ. ನಾನು ಸಂತೆಗೆ ಕಾಲಿಟ್ಟ ದಿನದಿಂದ ಅವನಿಗೆ ನಮ್ಮಿಂದ ಬರುತ್ತಿದ್ದ ಕಮಿಷನ್ ನಿಂತಿತ್ತು. "ಒಬ್ಳೇನಾ?" ಅಂದ.

"ಒಬ್ಳೇ ಅಂತೆ. ಇನ್ನೊಂದ್ ಡಬ್ಬೀಲಿ ಯಾವನೋ ಗಂಡಸು ಮೊದ್ಲೇ ಹೋಗಿ ಸುತ್ತತಾವ್ನಂತೆ."

"ಅಂಗನ್ನು ಮತ್ತೆ," ಅಂದ ದಲ್ಲಾಳಿ. ಹೋಟೆಲಿನ ತುಂಬ ನಗು. "ಮ್ಯಾಲೆ ಏನ್ ನಡೀತದೆ ಅಂತ ಯಾರ್ಗ್ ಕಾಣ್ತದೆ? ಟವಲ್ ಕೆಳ್ಗೆ ನಡ್ದಂಗೆ ಕಣ್ಲಾ."

ಹೇಳಿ ನನ್ನ ಕಡೆ ನೋಡಲಿಲ್ಲ ಅವನು. ನೋಡುವ ಅಗತ್ಯವಿರಲಿಲ್ಲ, ಬೇರೆಯವರು ನೋಡಿದರು. ಅಪ್ಪ ಲೋಟವನ್ನು ಮೇಜಿನ ಮೇಲಿಟ್ಟ, ಅದು ಉರುಳಿತು. ಎಡಗೈ ಇನ್ನೂ ಪಳಗಿರಲಿಲ್ಲ. ಬಸ್ಸು ಬಂತು.

ಶಿರಾ ತಲುಪುವ ಹೊತ್ತಿಗೆ ನನಗೊಂದು ಹೆಸರು ಹುಟ್ಟಿತ್ತು. "ರಷ್ಯಾದೋಳು ಬಂದ್ಲು, ಟವಲ್ ತಗಳಪ್ಪಾ." ಸಂತೆಯಲ್ಲಿ ಹೆಸರು ಅಂಟಿದರೆ ಕುರಿಗೆ ಹಚ್ಚಿದ ಬಣ್ಣವಿದ್ದ ಹಾಗೆ, ಉಣ್ಣೆ ಕತ್ತರಿಸಿದರೇ ಹೋಗುವುದು. ಆ ಹೆಂಗಸಿನ ಸುದ್ದಿ ಕೇಳಿ ಎಲ್ಲೋ ಯಾವಳೋ ಹುಡುಗಿಗೆ ಹೆಮ್ಮೆಯಾಗಿದ್ದೀತು. ನನಗೆ ಆಗಲಿಲ್ಲ. ನಿಜ ಹೇಳಬೇಕೆಂದರೆ ಅವಳ ಮೇಲೆ ಸಿಟ್ಟು ಬಂತು. ಇವಳು ಮೇಲಕ್ಕೆ ಹೋಗದಿದ್ದರೆ ನನ್ನ ಪಾಡು ಇಷ್ಟು ಬಾಯಿಗೆ ಬೀಳುತ್ತಿರಲಿಲ್ಲ ಅನಿಸಿತು.

ಬೆನ್ನಿಗೇ ಸೋದರಮಾವ ಕೊರಟಗೆರೆಯಿಂದ ಬಂದ. ಕಾಲು ತೊಳೆಯಲು ನೀರು ಕೊಟ್ಟರೆ ತೊಳೆಯಲಿಲ್ಲ. ಬಗಲಲ್ಲಿದ್ದ ಪೇಪರು ತೆಗೆದು, ರಷ್ಯಾದವಳ ಫೋಟೊ ಮೇಲಾಗಿ ಅವ್ವನ ಮುಂದೆ ಹಾಸಿದ.

"ನೋಡಕ್ಕ. ಶಿರಾ ಸಂತೆಯಾಗೆ ನಿನ್ ಮಗಳ ಹೆಸ್ರು ಈಗ ಇದೇಯ. ಪ್ರತಿ ಸಂತೇಲೂ ಗಂಡಸ್ರ ಕೈ ಹಿಡ್ಕಂಡು ನಿಂತಿರ್ತಾಳೆ. ನಮ್ಮೂರ್ ತಂಕ ಬಂದೈತೆ ಸುದ್ದಿ. ನಾನು ನೋಡಿದ್ ಗಂಡಿನ ಮನೆಯೋರು ಏನಂದ್ರು ಗೊತ್ತಾ? ನಮ್ಗೆ ಸೊಸೆ ಬೇಕು, ದಲ್ಲಾಳಿ ಬ್ಯಾಡ ಅಂದ್ರು."

ಅವ್ವ ಕೂಗಾಡಲಿಲ್ಲ. ಅಪ್ಪನ ಕಡೆ ನೋಡಿದಳು, ಅಪ್ಪ ತನ್ನ ಸತ್ತ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅದೇ ಉತ್ತರ. ನನ್ನ ಕಡೆ ನೋಡಿದಳು. ನಾನು ಬುತ್ತಿ ಬಡಿಸುವ ಮಗಳು ಅಂತ ನಂಬಿಕೊಂಡು ಪ್ರತಿ ಸಂತೆಗೂ ಕತ್ತಲಲ್ಲೇ ಎದ್ದು ರೊಟ್ಟಿ ತಟ್ಟಿದವಳು ಅವಳು. ಮಗಳು ಏನು ಮಾಡುತ್ತಿದ್ದಾಳೆ ಅಂತ ಕೊರಟಗೆರೆಯಿಂದ ಬಂದು ಹೇಳಬೇಕಾಯಿತು. ನೆಲ ನೋಡಿದೆ.

"ಕೈ ಹಿಡಿಯೋದು ನಿಜಾನಾ?"

"ಹೂಂ."

"ಎಲ್ಲಾರ್ದೂನಾ?"

"ಕೊಳ್ಳೋರ್ದು."

ಮಾವನಿಗೆ ಅಷ್ಟು ಸಾಕಾಯಿತು. ಇನ್ನು ಮುಂದೆ ಇವಳು ಸಂತೆಗೆ ಹೋದರೆ ಕೊರಟಗೆರೆ ಕಡೆಯಿಂದ ಯಾರೂ ಈ ಹೊಸಿಲು ತುಳಿಯುವುದಿಲ್ಲ ಅಂದ. ಅಪ್ಪ ಮೊದಲ ಸಲ ಬಾಯಿ ಬಿಟ್ಟ: "ಓಗ್ದಿದ್ರೆ ಉಣ್ಣೋದೇನಪ್ಪ?" ಮಾವ ಊಟ ಮಾಡದೆ ಎದ್ದು ಹೋದ. ಪೇಪರು ನೆಲದ ಮೇಲೇ ಉಳಿಯಿತು.

ಅವ್ವನಿಗೆ ಓದು ಬರುತ್ತಿರಲಿಲ್ಲ. ಪೇಪರನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹಿಡಿದು ಆ ಫೋಟೊವನ್ನು ಬಹಳ ಹೊತ್ತು ನೋಡಿದಳು. ದಪ್ಪನೆಯ ಉಡುಪು, ತಲೆಗೆ ದೊಡ್ಡ ಬುರುಡೆ ಟೋಪಿ, ಅದರೊಳಗೆ ನನಗಿಂತ ಕೊಂಚ ದೊಡ್ಡ ಹುಡುಗಿಯ ಮುಖ.

"ಏನ್ ಬರ್ದವ್ರೆ ಓದು."

ಓದಿದೆ. ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವಳಂತೆ. ಅಪ್ಪ ಟ್ರ್ಯಾಕ್ಟರ್ ಓಡಿಸುತ್ತಿದ್ದವನು, ಯುದ್ಧಕ್ಕೆ ಹೋಗಿ ಸತ್ತನಂತೆ. ಆಗ ಇವಳಿನ್ನೂ ಚಿಕ್ಕ ಮಗು. ತಾಯಿಯೂ ಗಿರಣಿಯಲ್ಲೇ ದುಡಿದು ಮಕ್ಕಳನ್ನು ಸಾಕಿದಳಂತೆ. ರಜೆಯ ದಿನ ಇವಳು ವಿಮಾನದಿಂದ ಪ್ಯಾರಾಚೂಟು ಕಟ್ಟಿಕೊಂಡು ಹಾರುವುದನ್ನು ಕಲಿತಳಂತೆ. ಹಾಗೆ ಹಾರಲು ಬರುತ್ತದೆ ಅಂತಲೇ ಆರಿಸಿ ಕಳಿಸಿದರಂತೆ. ಹತ್ತಿರ ಹತ್ತಿರ ಮೂರು ದಿನ ಮೇಲೆ ಸುತ್ತಿ, ಕೊನೆಗೆ ಡಬ್ಬಿಯಿಂದ ಹೊರಕ್ಕೆ ಹಾರಿ ಯಾವುದೋ ಹೊಲದಲ್ಲಿ ಇಳಿದಳಂತೆ.

ಅವ್ವ ಎಲ್ಲ ಕೇಳಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು. "ಇವ್ಳ ಕೈಗೆ ಏನ್ ತೊಡ್ಸವ್ರೆ?"

"ಅದು ಕೈಗೆ ಹಾಕ್ಕೊಳ್ಳೋದು. ಬೆರಳಿಗೆಲ್ಲ ಬ್ಯಾರೆ ಬ್ಯಾರೆ ಇರ್ತದೆ."

"ಅಂಗಾದ್ರೆ ಯಾರೂ ಇವ್ಳ ಕೈ ಮುಟ್ಟಿಲ್ಲ," ಅಂದಳು ಅವ್ವ, ಪೇಪರು ಮಡಿಸುತ್ತಾ.

ಅವ್ವ ಕೌದಿ ಹೊಲಿಯುವುದರಲ್ಲಿ ಹೆಸರಾದವಳು. ಹಳೆಯ ಹಾಸಿಗೆಯ ಪಟ್ಟೆಪಟ್ಟೆ ಬಟ್ಟೆ ತೆಗೆದಳು, ಎರಡು ಮಡಿಕೆ ಮಾಡಿದಳು, ನನ್ನ ಬಲಗೈಯನ್ನು ಅದರ ಮೇಲೆ ಊರಿಸಿ ಮಸಿಯಿಂದ ಗೆರೆ ಎಳೆದಳು. ಕೌದಿಗೆ ಹಾಕುವ ಹೊಲಿಗೆಯನ್ನೇ ಒತ್ತೊತ್ತಾಗಿ ಹಾಕಿದಳು. ಅಳತೆಗೆ ಅಂತ ಎರಡು ಮೂರು ಸಲ ನನ್ನ ಕೈ ಹಿಡಿದುಕೊಂಡಳು, ಅಳತೆ ಮುಗಿದ ಮೇಲೂ ಹಿಡಿದುಕೊಂಡೇ ಇದ್ದಳು. ಮುಂದಿನ ಸಂತೆಯ ಬೆಳಿಗ್ಗೆ ಅದನ್ನು ತಂದು ತೊಡಿಸಿದಳು. "ಕೈಯಂಗಿ" ಅಂದಳು. "ಓಗೋದಾದ್ರೆ ಇದ್ರಾಗ್ ಓಗು. ಯಾವೋನ್ ಮೈಯೂ ನಿನ್ ಮೈಗೆ ತಾಕಬಾರ್ದು. ಅಷ್ಟ್ ನಡ್ಸಿಕೊಡು ನಂಗೆ."

ನಾನು ಆಗಲಿ ಅಂದೆ. ಮನಸ್ಸಿನಿಂದಲೇ ಅಂದೆ. ಇನ್ನು ನನ್ನ ಕೈ ಬಾವಿಕಟ್ಟೆಯಲ್ಲಿ ಉಜ್ಜಬೇಕಾಗಿಲ್ಲ ಅಂತ ನನಗೂ ನಿಶ್ಚಿಂತೆಯಾಗಿತ್ತು.

ಶಿರಾದಲ್ಲಿ ಟವಲ್ ಹಾಸುವ ಮುಂಚೆ ನಾನು ಕೈ ಚಾಚಿದ ಕೂಡಲೇ ದಲ್ಲಾಳಿ ಕಂಡುಹಿಡಿದ. "ಓಹೋ, ಈಗ ಸಮ ಆಯ್ತು. ಉಡುಪೂ ಬಂತು. ಇನ್ನ ಡಬ್ಬಿ ಒಂದು ಬರ್ಬೇಕು." ನಗಲಿ ಅಂತ ಬಿಟ್ಟೆ. ಅಪ್ಪ ಕುರಿಯ ಗುಂಪನ್ನು ಎರಡು ಪಾಲು ಮಾಡಿ, ಮೊದಲ ಪಾಲಿಗೆ ತನ್ನ ಕೊನೆಯ ಬೆಲೆ ಇಷ್ಟು ಅಂತ ನನ್ನ ಕಿವಿಯಲ್ಲಿ ಹೇಳಿದ್ದ. ತಲೆಗೆ ಐದು ಬೆರಳು, ಅದಕ್ಕಿಂತ ಕೆಳಗಿಲ್ಲ.

ಪಾವಗಡದ ವ್ಯಾಪಾರಿಯೊಬ್ಬ ಬಂದ. ಮಾತು ಅರ್ಧ ತೆಲುಗು, ಮನುಷ್ಯ ಮರ್ಯಾದೆಯವನು. "ಏಮ್ಮಾ, ಕೈಗೆ ಗಾಯಾನಾ?" ಅಂತ ಕೇಳಿದ. ಇಲ್ಲ ಅಂದೆ. ಟವಲಿನ ಕೆಳಗೆ ಹಿಡಿದ. ನಾಲ್ಕು. ಸಡಿಲಿಸಿದೆ. ಅವನು ಮಳೆಯ ವಿಷಯ ಎತ್ತಿದ, ನಾನು ಮೇವಿನ ವಿಷಯ ಎತ್ತಿದೆ. ಮತ್ತೆ ಹಿಡಿದ. ಎರಡು ಮಡಿಕೆ ಹಾಸಿಗೆ ಬಟ್ಟೆ, ಅದರ ಮೇಲೆ ಕೌದಿಯ ಹೊಲಿಗೆ. ಆಚೆಯಿಂದ ಐದು ಬೆರಳಿನ ಮೇಲೂ ಕೈ ಬಂದದ್ದು ಗೊತ್ತಾಯಿತು. ಐದು. ಅಂಗೈ ಕೊಟ್ಟು ಅದುಮಿದೆ. ಟವಲ್ ಎತ್ತಿದೆವು.

ದುಡ್ಡು ಎಣಿಸಿ ಅಪ್ಪನ ಎಡಗೈಗೆ ಇಟ್ಟಾಗ ಅಪ್ಪ ನನ್ನ ಮುಖ ನೋಡಿದ. ನಾನು ವ್ಯಾಪಾರಿಯ ಮುಖ ನೋಡಿದೆ.

"ಐದಲ್ವಾ?"

"ಲೇದಮ್ಮಾ. ಕೊನೇ ಬೆರಳ ಗೆಣ್ಣು ಒತ್ತಿದ್ನಲ್ಲ. ನಾಲ್ಕೂವರೆ. ಗಟ್ಟಿಯಾಗೇ ಒತ್ತಿದೆ. ನೀನು ಸರಿ ಅಂದೆ."

ಒತ್ತಿದ್ದ. ಅವನು ಸುಳ್ಳು ಹೇಳುವವನಲ್ಲ, ಅವನ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಅವ್ವನ ಹೊಲಿಗೆ ಅವನ ಬೆರಳನ್ನು ನನ್ನ ಗೆಣ್ಣಿಗೆ ಮುಟ್ಟಗೊಡಲಿಲ್ಲ. ಅವಳು ಹೊಲಿದದ್ದೇ ಅದಕ್ಕಲ್ಲವೇ.

ಸುತ್ತ ಜನ ಸೇರಿತು. ದಲ್ಲಾಳಿ ಎಲ್ಲರಿಗೂ ಬಿಡಿಸಿ ಹೇಳುತ್ತಿದ್ದ: "ಅರ್ಧ ಗೊತ್ತಾಗ್ಲಿಲ್ವಂತೆ. ಆಕಾಶದಾಗೆ ಅರ್ಧ ಗಿರ್ಧ ಎಲ್ಲೈತೆ, ಎಲ್ಲಾ ಪೂರ್ತಿನೇಯ." ಪಾವಗಡದವನಿಗೂ ಮುಜುಗರವಾಗಿ, ಬೇಡದಿದ್ದರೆ ಬಿಡಿ ಅಂದ. ಅಪ್ಪ ತಲೆ ಅಲ್ಲಾಡಿಸಿದ. ತೊದಲುತ್ತಿದ್ದ ನಾಲಿಗೆಯನ್ನು ಸರಿ ಮಾಡಿಕೊಂಡು, "ಟವಲ್ ಎತ್ತಿದ್ ಮ್ಯಾಲೆ ಮಾತಿಲ್ಲ. ಕೈ ನಮ್ದು. ಕುರಿ ಒಡ್ಕೊಂಡ್ ಓಗಪ್ಪ," ಅಂದ.

ನನಗೆ ಬೈದಿದ್ದರೆ ಒಳ್ಳೆಯದಿತ್ತು. ಅವನು ಬೈಯಲಿಲ್ಲ. ಕುರಿಗಳು ಹೋಗುವುದನ್ನು ನೋಡುತ್ತಾ ನಿಂತ, ಎಡಗೈ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಆ ಕೈ ಹೋದಾಗಲೂ ಅವನು ಸಂತೆಯಲ್ಲಿ ತಲೆ ತಗ್ಗಿಸಿರಲಿಲ್ಲ, ನನ್ನ ಕೈಯಿಂದ ತಗ್ಗಿಸಿದ. ಇನ್ನೊಂದು ಪಾಲು ಕುರಿ ಇನ್ನೂ ಅಲ್ಲೇ ನಿಂತಿತ್ತು. ಅದೂ ಹೀಗೇ ಹೋದರೆ ಮುಂದಿನ ಸಲ ಪಾವಗಡದ ಕಡೆ ಕೊಳ್ಳಲು ಕೈಯಲ್ಲಿ ಏನೂ ಉಳಿಯುವುದಿಲ್ಲ, ಕಸುಬು ಅಲ್ಲಿಗೇ ಮುಗಿಯಿತು.

ಆ ಹೊತ್ತಿಗೆ ಸಾಬರು ಬಂದರು. ನಡೆದದ್ದೆಲ್ಲ ನೋಡಿದ್ದರು ಅಂತ ಕಾಣುತ್ತದೆ. ಟವಲ್ ಹಾಸಿ, ಎಂದಿನಂತೆ ಕೈಯನ್ನು ಅಂಗಾತ ಇಟ್ಟರು. ನಾನು ಕೈಯಂಗಿಯಲ್ಲೇ ಅವರ ಬೆರಳು ಹುಡುಕಿದೆ. ಯಾವುದು ಯಾವ ಬೆರಳು ಅಂತಲೇ ತಿಳಿಯಲಿಲ್ಲ.

"ಬೇಟಿ," ಅಂದರು ಮೆಲ್ಲಗೆ, ಎಲ್ಲಿಯೋ ನೋಡುತ್ತಾ, "ಚಳಿಗಾಲ ಇನ್ನೂ ದೂರ ಐತೆ."

ಅಷ್ಟು ಜನರ ಎದುರಿಗೆ ನಾನು ಕೈಯಂಗಿ ಎಳೆದು ತೆಗೆದೆ. ಅದು ಬೆವರಿಗೆ ಅಂಟಿಕೊಂಡಿತ್ತು, ಬೆರಳು ಬೆರಳಾಗಿ ಬಿಡಿಸಬೇಕಾಯಿತು. ಸೀರೆ ಬಿಚ್ಚಿದಂತಿತ್ತು ನನಗೆ. ಕೈಯಂಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗೈಯನ್ನು ಟವಲಿನ ಕೆಳಗೆ ಹಾಕಿದೆ. ಬೆರಳಿಗೆ ಕಣ್ಣು ಬಂದ ಹಾಗಾಯಿತು. ಸಾಬರು ಎಲ್ಲಿ ತಡೆಯುತ್ತಾರೆ, ಎಲ್ಲಿ ಮೆತ್ತಗಾಗುತ್ತಾರೆ, ಎಲ್ಲ ಕಾಣುತ್ತಿತ್ತು. ಅವರಿಗೆ ಒಂದು ಗೆಣ್ಣನ್ನೂ ಬಿಟ್ಟುಕೊಡಲಿಲ್ಲ ನಾನು. ಉಪಕಾರ ಮಾಡಿದವರು ಅಂತ ಬೆಲೆ ಇಳಿಸಬಾರದು, ಅದು ಅವರಿಗೂ ಅವಮಾನ. ಟವಲ್ ಎತ್ತಿದಾಗ ಅಪ್ಪನ ಮೊದಲ ಪಾಲಿನ ನಷ್ಟ ಪೂರಾ ತುಂಬಿರಲಿಲ್ಲ, ಆದರೆ ಕಸುಬು ಉಳಿಯಿತು.

ಮಧುಗಿರಿ ಬೆಟ್ಟ ಬಸ್ಸಿನ ಕಿಟಕಿಯಲ್ಲಿ ದೊಡ್ಡದಾಗುತ್ತಾ ಬಂದಾಗ ನಾನು ಸೊಂಟದಿಂದ ಕೈಯಂಗಿ ತೆಗೆದು ತೊಟ್ಟುಕೊಂಡೆ. ಅಪ್ಪ ಅದನ್ನು ನೋಡಿದ, ಬೆಟ್ಟದ ಕಡೆ ತಿರುಗಿಕೊಂಡ.

ಬಾಗಿಲಲ್ಲೇ ಅವ್ವ. "ಸರಿಯಾಯ್ತಾ?"

"ಹೂಂ ಕಣವ್ವ."

"ಬಿಗಿ ಆಗ್ಲಿಲ್ವಾ?"

"ಇಲ್ಲ. ಚೆನ್ನಾಗೈತೆ."

ಅವತ್ತಿಂದ ಅದೇ ನಡೆಯಿತು. ಮನೆ ಬಿಡುವಾಗ ತೊಡುವುದು, ಬಸ್ಸು ಊರು ದಾಟಿದ ಮೇಲೆ ಬಿಚ್ಚುವುದು, ಹಿಂದಿರುಗುವಾಗ ಬೆಟ್ಟ ಕಂಡಾಗ ಮತ್ತೆ ತೊಡುವುದು. ಸಂತೆಯಲ್ಲಿ ನನ್ನ ಕೈ ಹರಿತವಾಗುತ್ತಾ ಹೋಯಿತು, ಮನೆಯಲ್ಲಿ ನಾನು ಚಿಕ್ಕವಳಾಗುತ್ತಾ ಹೋದೆ. ಅವ್ವ ಪ್ರತಿ ಸಂತೆಯ ಮಾರನೆಯ ದಿನ ಕೈಯಂಗಿಯನ್ನು ಸೀಗೆಪುಡಿ ಹಾಕಿ ಒಗೆದು, ಒಳಗು ಹೊರಗು ಮಾಡಿ ತಂತಿಗೆ ನೇತುಹಾಕುತ್ತಿದ್ದಳು. ಬೀದಿಗೆ ಕಾಣುವ ಹಾಗೆ ನೇತುಹಾಕುತ್ತಿದ್ದಳು. ಬಂದವರು ಅದೇನು ಅಂದರೆ, "ನನ್ ಮಗಳು ಸಂತೇಲಿ ಇದನ್ನ ಆಕ್ಕೊಂಡೇ ಯಾಪಾರ ಮಾಡೋದು. ರಷ್ಯಾದೋರೂ ಅಂಗೇ ಅಂತೆ," ಅನ್ನುತ್ತಿದ್ದಳು. ಒಂದು ಸಲ ಮಾವನಿಗೂ ತೋರಿಸಿದಳು. ಅವಳು ಅದನ್ನು ಹೇಳುವಾಗಲೆಲ್ಲ ನಾನು ಒಳಮನೆಗೆ ಎದ್ದು ಹೋಗುತ್ತಿದ್ದೆ.

ನನಗೊಂದು ದಿನ ಹೊಳೆಯಿತು: ಕುರಿ ಸಂತೆಗೆ ಹೋಗಿ ಬಂದ ಬಟ್ಟೆ ಇಷ್ಟು ಶುಭ್ರವಾಗಿರಬಾರದು. ವ್ಯಾಪಾರದವಳಲ್ಲವೇ, ಮಾಲಿನ ನೋಟ ಮಾಲಿನ ಮಾತಿಗೆ ಹೊಂದಬೇಕು ಅಂತ ಗೊತ್ತು. ಮುಂದಿನ ಸಂತೆಯಿಂದ, ಶಿರಾ ಬಿಡುವ ಮುಂಚೆ ಕೈಯಂಗಿಯನ್ನು ಒಂದು ಕುರಿಯ ಬೆನ್ನಿಗೆ ಉಜ್ಜತೊಡಗಿದೆ. ಉಣ್ಣೆಯ ಜಿಡ್ಡು, ಧೂಳು, ಗೊಬ್ಬರದ ವಾಸನೆ, ಎಲ್ಲ ಹತ್ತುತ್ತಿತ್ತು. ಉಪ್ಪು ನೆಕ್ಕಿಸಿ ಕುರಿ ಮಾರುವವನಿಗೂ ನನಗೂ ಆಮೇಲೆ ಏನು ವ್ಯತ್ಯಾಸ ಉಳಿಯಿತು, ನೀವೇ ಹೇಳಿ.

ಆ ರಷ್ಯಾದವಳ ವಿಷಯ ಆಮೇಲೂ ಆಗಾಗ ಪೇಪರಿನಲ್ಲಿ ಬರುತ್ತಿತ್ತು. ನಾನು ಹುಡುಕಿ ಓದುತ್ತಿದ್ದೆ. ಆಕಾಶಕ್ಕೆ ಹೋಗಿಬಂದ ಇನ್ನೊಬ್ಬನನ್ನೇ ಮದುವೆಯಾದಳು. ಮಗಳು ಹುಟ್ಟಿದಳು. ಓದು ಮುಂದುವರಿಸಿ ಎಂಜಿನಿಯರಾದಳು. ದೇಶ ದೇಶ ಸುತ್ತಿ ಭಾಷಣ ಮಾಡಿದಳು, ನಮ್ಮ ದೇಶಕ್ಕೂ ಬಂದು ಹೋದಳು. ಮತ್ತೊಮ್ಮೆ ಮಾತ್ರ ಅವಳನ್ನು ಮೇಲಕ್ಕೆ ಕಳಿಸಲಿಲ್ಲ, ಬೇರೆ ಹೆಂಗಸನ್ನೂ ಎಷ್ಟೋ ವರ್ಷ ಕಳಿಸಲಿಲ್ಲ. ಅದನ್ನು ಓದಿದಾಗ ಒಬ್ಬ ವ್ಯಾಪಾರಿಯಾಗಿ ನನಗೆ ಅನಿಸಿದ್ದು: ಇವರಿಗೆ ಬೇಕಾದದ್ದು ಅವಳ ಹೆಸರು, ಅವಳ ಕೈಗೆಲಸವಲ್ಲ. ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತೇನೆ, ಮೊದಲ ಸಲ ಕರೆದಾಗಲೇ ಎರಡನೆಯ ಸಲದ ಮಾತನ್ನೂ ಮುಗಿಸಿಕೊಳ್ಳಿ.

ಬಹಳ ವರ್ಷದ ಮೇಲೆ ಇನ್ನೊಂದು ಸಂಗತಿ ಓದಿದೆ. ಮೇಲಕ್ಕೆ ಹೋಗುವ ವಿಷಯವನ್ನು ಅವಳು ತಾಯಿಗೆ ಹೇಳಿರಲಿಲ್ಲವಂತೆ. ಪ್ಯಾರಾಚೂಟಿನ ಪಂದ್ಯಕ್ಕೆ ಹೋಗುತ್ತೇನೆ ಅಂತ ಹೇಳಿ ಹೊರಟಿದ್ದಳಂತೆ. ತಾಯಿಗೆ ಗೊತ್ತಾದದ್ದು ರೇಡಿಯೊದಿಂದ. ಓದಿ ಕನ್ನಡಕ ತೆಗೆದಿಟ್ಟೆ. ಅಷ್ಟು ವರ್ಷ ನನಗೆ ಅವಳ ಮೇಲಿದ್ದ ಸಿಟ್ಟು ಆವತ್ತು ಇಳಿಯಿತು. ಮಧುಗಿರಿಯ ಹೋಟೆಲಿನಲ್ಲಿ ರೇಡಿಯೊ ಮಾತಾಡಿದ ಹೊತ್ತಿನಲ್ಲೇ ಇನ್ನೊಂದು ಮನೆಯಲ್ಲೂ ಒಬ್ಬಳು ತಾಯಿ ಯಾರದೋ ಬಾಯಿಂದ ತನ್ನ ಮಗಳ ವಿಷಯ ಕೇಳಿದಳು. ಆ ತಾಯಿಗೆ ನಿಜವಾಗಿಯೂ ಮುಂಚೆ ಏನೂ ಗೊತ್ತಿರಲಿಲ್ಲವೇ ಅನ್ನುವುದು ಮಾತ್ರ ನನಗೆ ಅನುಮಾನ. ಅನುಮಾನಕ್ಕೆ ಕಾರಣ ನನ್ನ ಅವ್ವ.

ಅದು ಕೈಯಂಗಿ ಹೊಲಿದ ವರ್ಷದ ದೀಪಾವಳಿ ಕಳೆದ ಮೇಲೆ. ಅವ್ವ ಒಗೆಯುವ ಕಲ್ಲಿನ ಮುಂದೆ ಕೂತಿದ್ದಳು, ನಾನು ನೀರು ಸೇದಿ ಹಾಕುತ್ತಿದ್ದೆ. ಹಿಂದಿನ ದಿನ ಸಂತೆ ಚೆನ್ನಾಗಿ ಆಗಿತ್ತು, ಅಪ್ಪ ಜಗಲಿಯಲ್ಲಿ ಎಡಗೈಯಿಂದ ಎಲೆಗೆ ಸುಣ್ಣ ಹಚ್ಚುವುದನ್ನು ಕಲಿತುಕೊಂಡಿದ್ದ. ಅವ್ವ ಕೈಯಂಗಿಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ತನ್ನ ಅಂಗೈ ಮೇಲೆ ಹರಡಿಕೊಂಡು ನೋಡಿದಳು. ಅವಳು ಜೀವಮಾನವಿಡೀ ಬಟ್ಟೆ ಒಗೆದವಳು, ಯಾವ ಕೊಳೆ ಎಲ್ಲಿ ಕೂರುತ್ತದೆ ಅಂತ ತಿಳಿದವಳು. ಅದು ನನ್ನ ಲೆಕ್ಕದಲ್ಲಿರಲಿಲ್ಲ.

"ಕೊಳೆ ಎಲ್ಲಾ ಅಂಗೈ ಮ್ಯಾಲೇ ಐತೆ," ಅಂದಳು.

ನಾನು ಹಗ್ಗ ಹಿಡಿದು ನಿಂತೆ. ಬಿಂದಿಗೆ ಬಾವಿಯೊಳಗೆ ತೂಗಾಡುತ್ತಿತ್ತು.

"ಒಳ್ಗಡೆ ಬೆವ್ರಿನ ವಾಸ್ನೇನೂ ಇಲ್ಲ. ಮೊದ್ಲ್ ಸಂತೇಲಿ ಇತ್ತು, ಆಮ್ಯಾಕೆ ಇಲ್ಲ." ಅವ್ವ ಬೆರಳಿನ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದಳು. ಅಲ್ಲಿ ಪಟ್ಟೆಗಳು ಹೊಸದರ ಹಾಗೆ ಇದ್ದವು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಕೌದಿಯ ಹೊಲಿಗೆ ಕಲಿಸುವಾಗ ಇರುತ್ತಿದ್ದ ದನಿಯೇ ಅದು. "ನೋಡೋರ್ ಕಣ್ಣು ಮೊದ್ಲು ಇಲ್ಲಿಗೇ ಓಯ್ತದೆ. ನಿಮ್ ಮಾವನ್ ಹೆಂಡ್ರೂ ಬಟ್ಟೆ ಒಗ್ಯೋಳೇಯ."

ಅಷ್ಟು ಹೇಳಿ ಕೈಯಂಗಿಯನ್ನು ಒಳಗು ಹೊರಗು ಮಾಡಿ, ಎದ್ದು ಹೋಗಿ ತಂತಿಗೆ ನೇತುಹಾಕಿದಳು, ಬೀದಿಗೆ ಕಾಣುವ ಹಾಗೆ. ನಾನು ಬಿಂದಿಗೆ ಮೇಲಕ್ಕೆ ಎಳೆದೆ.

ಮುಂದಿನ ಸಂತೆಯಿಂದ ಬೆರಳಿನ ಸಂದಿಗೂ ಉಜ್ಜತೊಡಗಿದೆ.